ತಿಳಿಯಾದ ನೀರೆಲ್ಲ ಶುದ್ಧ ನೀರೇ? ಕೊಳಚೆ ತೊಳೆಯುವ ಸೂಕ್ಷ್ಮಜೀವಿಗಳ ನಾಡಿ ಹಿಡಿಯುವುದು ಹೀಗೆ

‘ಈ ಪುಡಿ ಒಂದು ಚಮಚ ಹಾಕಿ, ಚರಂಡಿ ನೀರು ಕನ್ನಡಿಯಂತಾಗುತ್ತದೆ.’ ‘ಬೆಲ್ಲ, ಮೊಸರು ಸುರಿದರೆ ಸೆಪ್ಟಿಕ್ ಟ್ಯಾಂಕ್ ಮತ್ತೆಂದೂ ಖಾಲಿ ಮಾಡಿಸಬೇಕಿಲ್ಲ.’ ‘ಕಿತ್ತಳೆ ಸಿಪ್ಪೆಯ ಎಂಜೈಮ್ ಕೆರೆಯನ್ನೇ ಶುದ್ಧ ಮಾಡುತ್ತದೆ.’ ಈ ಧಾಟಿಯ ಸಂದೇಶಗಳು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ವಿಡಿಯೊದಲ್ಲಿ ಸಾಮಾನ್ಯವಾಗಿ ಎರಡು ಗಾಜಿನ ಲೋಟಗಳಿರುತ್ತವೆ. ಒಂದರಲ್ಲಿ ಕಪ್ಪು ನೀರು, ಇನ್ನೊಂದರಲ್ಲಿ ತಿಳಿ ನೀರು. ನೋಡಿದವರು ‘ಅಬ್ಬಾ’ ಎಂದು ಮುಂದಕ್ಕೆ ಕಳಿಸುತ್ತಾರೆ.

ಈ ಸಂದೇಶಗಳಲ್ಲಿ ಒಂದು ಸತ್ಯವಿದೆ. ಕೊಳಚೆ ನೀರನ್ನು ನಿಜವಾಗಿ ಶುದ್ಧ ಮಾಡುವುದು ಸೂಕ್ಷ್ಮಜೀವಿಗಳೇ. ಸಮಸ್ಯೆ ಇರುವುದು ಮುಂದಿನ ಮಾತಿನಲ್ಲಿ. ಅವು ಕೆಲಸ ಮಾಡುತ್ತಿವೆಯೇ ಎಂಬುದನ್ನು ಲೋಟದ ನೀರಿನ ಬಣ್ಣ ನೋಡಿ ಹೇಳಲು ಬರುವುದಿಲ್ಲ. ಹಾಗಾದರೆ ಹೇಗೆ ತಿಳಿಯುವುದು? ಜೀನ್ಸ್ ತೊಳೆಯುವ ಬಳ್ಳಾರಿ ನಗರ, ಅಕ್ಕಿ ಗಿರಣಿಗಳ ಸಿರುಗುಪ್ಪ, ಸಣ್ಣ ಪಟ್ಟಣ ಕುರುಗೋಡು: ಈ ಮೂರು ಊರುಗಳನ್ನು ಮುಂದಿಟ್ಟುಕೊಂಡು ನಾವು ಇದನ್ನು ಬಿಡಿಸಿ ನೋಡೋಣ.

ಒಂದು ಚಮಚ ಸಕ್ಕರೆಯ ಲೆಕ್ಕ

ಮೊದಲು ಒಂದು ಸರಳ ಲೆಕ್ಕ. ಒಂದು ಲೀಟರ್ ನೀರಿಗೆ ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಸಕ್ಕರೆ ಹಾಕಿ ಕಲಕಿ. ನೀರು ತಿಳಿಯಾಗಿಯೇ ಇರುತ್ತದೆ, ವಾಸನೆಯೂ ಇಲ್ಲ. ಈಗ ಇದನ್ನು ಕೆರೆಗೆ ಸುರಿದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ತಿನ್ನತೊಡಗುತ್ತವೆ. ತಿನ್ನಲು ನಮ್ಮಂತೆ ಅವಕ್ಕೂ ಆಮ್ಲಜನಕ ಬೇಕು. 5 ಗ್ರಾಂ ಸಕ್ಕರೆ ಪೂರ್ತಿ ಕರಗಿ ಹೋಗಲು ಸುಮಾರು 5.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ.

30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 7.5 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಅಂದರೆ ಆ ಒಂದು ಚಮಚ ಸಕ್ಕರೆ ಸುಮಾರು 750 ಲೀಟರ್ ನೀರಿನ ಆಮ್ಲಜನಕವನ್ನು ಪೂರ್ತಿ ಕುಡಿದು ಹಾಕಬಲ್ಲದು. ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು, ಬೆಳಗಾಗುವಷ್ಟರಲ್ಲಿ ಸತ್ತು ತೇಲುವುದು ಇದೇ ಕಾರಣಕ್ಕೆ.

ಕೊಳಚೆ ನೀರನ್ನು ಅಳೆಯುವ ಮುಖ್ಯ ಅಳತೆಗೋಲು ಹುಟ್ಟಿದ್ದೂ ಇದೇ ತರ್ಕದಿಂದ. ಅದರ ಹೆಸರು ಬಿಓಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ. ಒಂದು ಲೀಟರ್ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಎಂಬುದೇ ಬಿಓಡಿ. ಮನೆಗಳಿಂದ ಬರುವ ಕೊಳಚೆ ನೀರಿನಲ್ಲಿ ಇದು ಸಾಮಾನ್ಯವಾಗಿ 200ರಿಂದ 300 ಇರುತ್ತದೆ. ಕೇಂದ್ರ ಸರ್ಕಾರದ 2017ರ ಅಧಿಸೂಚನೆಯ ಪ್ರಕಾರ ಶುದ್ಧೀಕರಣ ಘಟಕದಿಂದ ಹೊರಬರುವಾಗ ಅದು ಮಹಾನಗರಗಳಲ್ಲಿ 20, ಉಳಿದ ಊರುಗಳಲ್ಲಿ 30 ಮೀರಬಾರದು. ಕೆಲವು ಘಟಕಗಳಿಗೆ ಇನ್ನೂ ಬಿಗಿಯಾದ ಮಿತಿ ಇರುತ್ತದೆ.

ಈಗ ವಿಡಿಯೊದ ಲೋಟಕ್ಕೆ ಬನ್ನಿ. ಪಟಿಕದಂಥ ಪುಡಿ ಹಾಕಿದರೆ ನೀರಿನಲ್ಲಿ ತೇಲುವ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ, ನೀರು ತಿಳಿಯಾಗುತ್ತದೆ. ಆದರೆ ಕರಗಿದ ಕೊಳೆ, ಅಮೋನಿಯಾ ನೀರಿನಲ್ಲೇ ಉಳಿಯುತ್ತವೆ. ಕಲಕಿದ ಸಕ್ಕರೆ ಲೋಟದಲ್ಲೇ ಉಳಿಯುವ ಹಾಗೆ.

ಈ ಫಿಲ್ಟರ್ ಜರಡಿಯಲ್ಲ

‘ಫಿಲ್ಟರ್’ ಎಂದ ಕೂಡಲೇ ನಮಗೆ ನೆನಪಾಗುವುದು ಟೀ ಸೋಸುವ ಜಾಲರಿ ಅಥವಾ ಮನೆಯ ನೀರಿನ ಫಿಲ್ಟರ್. ಕೊಳಚೆ ನೀರಿನ ಜೈವಿಕ ಫಿಲ್ಟರ್ ಹಾಗಲ್ಲ. ಹಳೆಯ ಮಾದರಿಯ ‘ಟ್ರಿಕ್ಲಿಂಗ್ ಫಿಲ್ಟರ್’ನಲ್ಲಿ ದುಂಡನೆಯ ದೊಡ್ಡ ತೊಟ್ಟಿಯ ತುಂಬ ಮುಷ್ಟಿ ಗಾತ್ರದ ಕಲ್ಲುಗಳನ್ನು ಒಂದೆರಡು ಮೀಟರ್ ಎತ್ತರಕ್ಕೆ ಪೇರಿಸಿರುತ್ತಾರೆ. ಮೇಲೆ ತಿರುಗುವ ಕೊಳವೆಗಳಿಂದ ಕೊಳಚೆ ನೀರು ಮಳೆಯಂತೆ ಬೀಳುತ್ತದೆ. ಕಲ್ಲುಗಳ ನಡುವಿನ ಸಂದು ಎಷ್ಟು ದೊಡ್ಡದೆಂದರೆ ಬೆರಳು ತೂರಿಸಬಹುದು. ಅದು ಕೊಳೆಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಕೆಲಸ ನಡೆಯುವುದು ಕಲ್ಲಿನ ಮೈಮೇಲೆ. ನಾಲ್ಕೈದು ದಿನ ನೀರು ತುಂಬಿಟ್ಟ ಡ್ರಮ್ಮಿನ ಒಳಗೋಡೆಯ ಮೇಲೆ ಬೆರಳಾಡಿಸಿದರೆ ಜಾರುವ ಪದರವೊಂದು ಸಿಗುತ್ತದಲ್ಲ, ಅದೇ ಜಾತಿಯ ಲೋಳೆ ಇಲ್ಲೂ ಬೆಳೆದಿರುತ್ತದೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಬ್ಯಾಕ್ಟೀರಿಯಾ, ಶಿಲೀಂಧ್ರ, ಅವನ್ನು ತಿನ್ನುವ ಏಕಕೋಶ ಜೀವಿಗಳು, ಸಣ್ಣ ಹುಳುಗಳು, ಹೀಗೆ ಇಡೀ ಒಂದು ಊರೇ ಅಲ್ಲಿದೆ. ನೀರು ಜಾರಿ ಹೋಗುವಾಗ ಅದರಲ್ಲಿ ಕರಗಿದ ಕೊಳೆಯನ್ನು ಈ ಊರು ತಿನ್ನುತ್ತದೆ. ಸಂದಿನಲ್ಲಿ ಓಡಾಡುವ ಗಾಳಿ ಅದಕ್ಕೆ ಉಸಿರು ಕೊಡುತ್ತದೆ.

ಬೆಂಗಳೂರಿನ ವೃಷಭಾವತಿ ಕಣಿವೆಯ ದಿನಕ್ಕೆ 180 ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕದಲ್ಲಿ ಬಳಸಿದ್ದು ಇದೇ ಟ್ರಿಕ್ಲಿಂಗ್ ಫಿಲ್ಟರ್ ತಂತ್ರ. ಈಗಿನ ಅಪಾರ್ಟ್‌ಮೆಂಟು, ಆಸ್ಪತ್ರೆಗಳಲ್ಲಿ ಹಾಕುವ ‘ಎಂಬಿಬಿಆರ್’ ಘಟಕಗಳಲ್ಲಿ ಕಲ್ಲಿನ ಬದಲು ಸಣ್ಣ ಪ್ಲಾಸ್ಟಿಕ್ ಚಕ್ರಗಳು ನೀರಿನಲ್ಲಿ ತೇಲುತ್ತಿರುತ್ತವೆ. ರೂಪ ಬೇರೆಯಾದರೂ ಲೋಳೆ ಅದೇ, ಕೆಲಸವೂ ಅದೇ.

ಆದ್ದರಿಂದ ಫಿಲ್ಟರ್ ‘ಇದೆ’ ಎನ್ನುವುದಕ್ಕೂ ಫಿಲ್ಟರ್ ‘ಬದುಕಿದೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೋಟಾರು ತಿರುಗುತ್ತಿರಬಹುದು, ಕೊಳವೆಗಳಲ್ಲಿ ನೀರು ಬೀಳುತ್ತಿರಬಹುದು. ಲೋಳೆಯಲ್ಲಿರುವ ಜೀವಿಗಳು ಸತ್ತಿದ್ದರೆ ಅದು ಕಲ್ಲು ತೊಳೆಯುವ ಯಂತ್ರ, ಅಷ್ಟೆ.

ಇದು ಜೀವಿಗಳ ಕೆಲಸವೆಂದು ಗೊತ್ತಾದದ್ದು ಹೇಗೆ?

1877ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು, ಶ್ಲೋಸಿಂಗ್ ಮತ್ತು ಮ್ಯೂಂಟ್ಸ್, ಒಂದು ಸರಳ ಪ್ರಯೋಗ ಮಾಡಿದರು. ಮರಳು ಮತ್ತು ಸುಣ್ಣದ ಕಲ್ಲಿನ ಪುಡಿ ತುಂಬಿದ ಉದ್ದನೆಯ ಕೊಳವೆಯ ಮೂಲಕ ಕೊಳಚೆ ನೀರನ್ನು ನಿಧಾನವಾಗಿ ಹರಿಸಿದರು. ಮೊದಲ ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ನೀರಿನ ಅಮೋನಿಯಾ ನೈಟ್ರೇಟ್ ಆಗತೊಡಗಿತು. ಇದು ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತಲ್ಲ?

ಅವರು ಕೊಳವೆಗೆ ಕ್ಲೋರೋಫಾರ್ಮ್ ಸೇರಿಸಿದರು. ಕೆಲಸ ನಿಂತಿತು. ಕ್ಲೋರೋಫಾರ್ಮ್ ಹೋದ ಮೇಲೆ ತೋಟದ ಮಣ್ಣು ಕದಡಿದ ನೀರನ್ನು ಹಾಕಿದರು. ಕೆಲಸ ಮತ್ತೆ ಶುರುವಾಯಿತು. ಮರಳು ಅದೇ, ಕೊಳವೆ ಅದೇ. ಬದಲಾಗಿದ್ದು ಅದರೊಳಗಿನ ಜೀವ ಮಾತ್ರ.

ಈ ವಿಷಯದಲ್ಲಿ ಕರ್ನಾಟಕಕ್ಕೂ ಹಳೆಯ ನಂಟಿದೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು, ಗಾಳಿ ಊದಿ ಸೂಕ್ಷ್ಮಜೀವಿಗಳ ಕೆಸರನ್ನು ಬೆಳೆಸಿ ಕೊಳಚೆ ಶುದ್ಧ ಮಾಡುವ ವಿಧಾನವನ್ನು ಪ್ರಕಟಿಸಿದರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಅದೇ. ಅವರಿಗೆ ಆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದು ಇಲ್ಲಿ ಸಂಶೋಧನೆ ಮುಂದುವರಿಸಿದರು. ಈ ಅರಿವು ನಮ್ಮ ರಾಜ್ಯಕ್ಕೆ ಬಂದು ನೂರು ವರ್ಷ ದಾಟಿದೆ.

ಜೀವಿಗಳು ಚೆನ್ನಾಗಿವೆಯೇ ಎಂದು ನೋಡುವ ದಾರಿಗಳು

ವೈದ್ಯರು ಮೊದಲು ಮುಖ ನೋಡುತ್ತಾರೆ, ಆಮೇಲೆ ನಾಡಿ ಹಿಡಿಯುತ್ತಾರೆ, ಬೇಕಾದರೆ ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಫಿಲ್ಟರ್ ತಪಾಸಣೆಯೂ ಹಾಗೆಯೇ ಹಂತ ಹಂತವಾಗಿ ನಡೆಯುತ್ತದೆ.

*ಕಣ್ಣು ಮತ್ತು ಮೂಗು.* ಆರೋಗ್ಯವಾಗಿರುವ ಲೋಳೆ ಕಂದು ಬಣ್ಣದ ತೆಳು ಪದರ, ಅದಕ್ಕೆ ಮಣ್ಣಿನ ವಾಸನೆ. ಅದು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಉಸಿರುಗಟ್ಟಿದೆ ಎಂದರ್ಥ. ಆಮ್ಲಜನಕ ಪದರದೊಳಗೆ ಇಳಿಯುವುದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಮಾತ್ರ. ಪದರ ದಪ್ಪವಾದಂತೆ ಒಳಗಿನ ಭಾಗ ಸಾಯುತ್ತದೆ, ಕಲ್ಲಿನಿಂದ ಕಳಚಿ ಬೀಳುತ್ತದೆ. ಸ್ವಲ್ಪ ಸ್ವಲ್ಪ ಕಳಚುವುದು ಸಹಜ. ಒಮ್ಮೆಲೇ ರಾಶಿರಾಶಿ ಕಳಚಿದರೆ ತೊಂದರೆಯಾಗಿದೆ ಎಂದು ತಿಳಿಯಬೇಕು. ಕಲ್ಲಿನ ಮೇಲೆ ನೀರು ಮಡುಗಟ್ಟುವುದು, ಬಚ್ಚಲ ಗೋಡೆಯ ಮೇಲೆ ಕೂರುವಂಥ ಪತಂಗದಾಕಾರದ ಪುಟ್ಟ ನೊಣಗಳು ಮುತ್ತುವುದು ಕೂಡ ಎಚ್ಚರಿಕೆಯ ಗುರುತುಗಳೇ.

*ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು?* ಫಿಲ್ಟರಿಗೆ ಹೋಗುವ ನೀರಿನ ಬಿಓಡಿಯನ್ನೂ ಹೊರಬರುವ ನೀರಿನ ಬಿಓಡಿಯನ್ನೂ ಅಳೆದರೆ ಜೀವಿಗಳು ಎಷ್ಟು ತಿಂದವು ಎಂದು ಸಿಗುತ್ತದೆ. ಹೊರಗಿನ ಲೆಕ್ಕ ಒಂದೇ ಇದ್ದರೆ ಸಾಲದು. ಮಳೆ ನೀರು ಸೇರಿ ಕೊಳಚೆ ತೆಳುವಾಗಿದ್ದರೂ ಹೊರಗಿನ ಅಂಕಿ ಚೆನ್ನಾಗಿ ಕಾಣುತ್ತದೆ. ಇನ್ನೊಂದು ತೊಡಕೂ ಇದೆ. ನಮ್ಮ ದೇಶದಲ್ಲಿ ಬಿಓಡಿ ಪರೀಕ್ಷೆಗೆ ನೀರನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಸೋಮವಾರ ಜೀವಿಗಳು ಸತ್ತರೆ ಸುದ್ದಿ ಬರುವುದು ಗುರುವಾರ. ಅಷ್ಟರಲ್ಲಿ ಮೂರು ದಿನದ ನೀರು ಹಳ್ಳ ಸೇರಿರುತ್ತದೆ. ಸಿಓಡಿ ಎಂಬ ಇನ್ನೊಂದು ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಅದು ಜೀವಿಗಳು ತಿನ್ನಬಲ್ಲ ಕೊಳೆ, ತಿನ್ನಲಾರದ ಕೊಳೆ ಎಂದು ಬೇರೆ ಮಾಡುವುದಿಲ್ಲ.

*ಉಸಿರಾಟ ಅಳೆಯುವುದು.* ಕೂಡಲೇ ಗೊತ್ತಾಗಬೇಕೆಂದರೆ ನೋಡಬೇಕಾದದ್ದು ಉಸಿರನ್ನು. ಲೋಳೆ ಅಂಟಿದ ತುಂಡೊಂದನ್ನು ಆಮ್ಲಜನಕ ತುಂಬಿದ ನೀರಿನ ಬಾಟಲಿಗೆ ಹಾಕಿ, ಗಾಳಿಯಾಡದಂತೆ ಮುಚ್ಚಿ, ಒಳಗೆ ಆಮ್ಲಜನಕ ಮೀಟರ್ ಇಟ್ಟರೆ ಸಾಕು. ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೋ ಜೀವಿಗಳು ಅಷ್ಟು ಚುರುಕಾಗಿವೆ. ಆಮೇಲೆ ಬಾಟಲಿಗೆ ಸ್ವಲ್ಪ ಕೊಳಚೆ ನೀರು ಸೇರಿಸಬೇಕು. ಊಟ ಸಿಕ್ಕಿದ ಜೀವಿಗಳ ಉಸಿರಾಟ ಜೋರಾಗಬೇಕು. ಜೋರಾಗುವ ಬದಲು ಕುಗ್ಗಿದರೆ ಬಂದ ನೀರಿನಲ್ಲಿ ವಿಷವಿದೆ ಎಂದೇ ಅರ್ಥ. ಅರ್ಧ ಗಂಟೆಯೊಳಗೆ ಸಿಗುವ ಈ ಉತ್ತರ ಮೂರು ದಿನದ ಬಿಓಡಿಗಿಂತ ಮೊದಲೇ ಎಚ್ಚರಿಸುತ್ತದೆ.

*ಅಮೋನಿಯಾ ಮೇಲೆ ಕಣ್ಣು.* ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ತುಂಬ ನಾಜೂಕು. ಇತರ ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ದುಪ್ಪಟ್ಟಾದರೆ ಇವಕ್ಕೆ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಬೇಕು. ಇವುಗಳಿಗೆ ಉಸಿರೂ ಹೆಚ್ಚು ಬೇಕು: ಅಮೋನಿಯಾದ ಒಂದು ಗ್ರಾಂ ಸಾರಜನಕಕ್ಕೆ ಸುಮಾರು 4.57 ಗ್ರಾಂ ಆಮ್ಲಜನಕ. ಹಾಗಾಗಿ ಫಿಲ್ಟರ್‌ಗೆ ಕಾಯಿಲೆ ಬಂದಾಗ ಮೊದಲು ಮಲಗುವುದು ಇವೇ. ಹೊರ ನೀರಿನಲ್ಲಿ ಅಮೋನಿಯಾ ಏರಿ ನೈಟ್ರೇಟ್ ಇಳಿದರೆ ಅದು ಮೊದಲ ಗಂಟೆ.

*ಸೂಕ್ಷ್ಮದರ್ಶಕ.* ಕಾಲೇಜಿನಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕವೇ ಸಾಕು. ಕಾಂಡದ ಮೇಲೆ ಗಂಟೆಯಂತೆ ನಿಂತ ವೋರ್ಟಿಸೆಲ್ಲಾ, ಬಾಯ ಬಳಿ ಚಕ್ರ ತಿರುಗಿಸುವಂತೆ ಕಾಣುವ ರೋಟಿಫರ್ ಓಡಾಡಿಕೊಂಡಿದ್ದರೆ ಆಮ್ಲಜನಕ ಸಾಕಷ್ಟಿದೆ, ವಿಷವಿಲ್ಲ ಎಂದು ಅನುಭವಿಗಳು ಹೇಳುತ್ತಾರೆ. ನಿನ್ನೆ ಇದ್ದವು ಇಂದು ಕದಲದೆ ಬಿದ್ದಿದ್ದರೆ ರಾತ್ರಿ ಏನೋ ಬಂದು ಸೇರಿದೆ.

*ಮಿಂಚುಹುಳದ ಬೆಳಕು.* ಬದುಕಿರುವ ಪ್ರತಿ ಜೀವಕೋಶದಲ್ಲೂ ಎಟಿಪಿ ಎಂಬ ಶಕ್ತಿಯ ಅಣು ಇರುತ್ತದೆ. ಸತ್ತ ಮೇಲೆ ಅದು ಬೇಗ ಕಾಣೆಯಾಗುತ್ತದೆ. ಮಿಂಚುಹುಳ ಬೆಳಗಲು ಬಳಸುವ ಕಿಣ್ವಕ್ಕೆ ಎಟಿಪಿ ತಾಗಿದರೆ ಬೆಳಕು ಬರುತ್ತದೆ. ಬೆಳಕು ಎಷ್ಟೋ ಜೀವಂತ ಕೋಶಗಳು ಅಷ್ಟು. ಕೈಯಲ್ಲಿ ಹಿಡಿಯುವ ಉಪಕರಣದಲ್ಲಿ ಕೆಲವೇ ನಿಮಿಷಗಳಲ್ಲಿ ಈ ಲೆಕ್ಕ ಸಿಗುತ್ತದೆ.

*ಡಿಎನ್‌ಎ ಪರೀಕ್ಷೆ.* ಇದು ಲೋಳೆಯಲ್ಲಿ ಯಾವ ಯಾವ ಜಾತಿಗಳಿವೆ ಎಂದು ಹೇಳುತ್ತದೆ. ಆದರೆ ಸತ್ತ ಜೀವಿಯ ಡಿಎನ್‌ಎ ಕೂಡ ಕೆಲಕಾಲ ಉಳಿಯುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮತ ಹಾಕಿದ್ದಾರೆ ಎಂದಲ್ಲ. ಯಾರಿದ್ದಾರೆ ಎಂಬುದು ಒಂದು ಪ್ರಶ್ನೆ, ಕೆಲಸ ಮಾಡುತ್ತಿದ್ದಾರೆಯೇ ಎಂಬುದು ಇನ್ನೊಂದು. ‘ನಮ್ಮ ಪುಡಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದೆ’ ಎಂಬ ಜಾಹೀರಾತು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಫಿಲ್ಟರ್‌ಗಳಲ್ಲಿ ಒಂದು ವಿಶೇಷ ಕಷ್ಟವಿದೆ. ಜೀವಿಗಳು ಕಲ್ಲಿಗೆ ಅಂಟಿರುವುದರಿಂದ ಒಂದು ತಂಬಿಗೆ ನೀರು ಮೊಗೆದು ಪರೀಕ್ಷಿಸಿದರೆ ಅವು ಸಿಗುವುದಿಲ್ಲ. ಅಲ್ಲದೆ ಮೇಲಿನ ಪದರದ ಜೀವಿಗಳೇ ಬೇರೆ, ಕೆಳಗಿನವೇ ಬೇರೆ. ಮೇಲಿನವು ಸುಲಭದ ಕೊಳೆ ತಿನ್ನುತ್ತವೆ, ಅಮೋನಿಯಾ ತಿನ್ನುವವು ಕೆಳಗೆ ನೆಲೆಸುತ್ತವೆ. ಆದ್ದರಿಂದ ಬೇರೆ ಬೇರೆ ಆಳದಿಂದ ನೀರು ತೆಗೆಯಬೇಕು. ಫಿಲ್ಟರಿನೊಳಗೆ ಸಣ್ಣ ಬಿಲ್ಲೆಗಳನ್ನು ತೂಗುಬಿಟ್ಟು, ವಾರಕ್ಕೊಂದನ್ನು ಹೊರತೆಗೆದು ಲೋಳೆಯ ತೂಕವನ್ನೂ ಉಸಿರಾಟವನ್ನೂ ನೋಡುವುದು ಒಳ್ಳೆಯ ಕ್ರಮ.

ಬಳ್ಳಾರಿ ಬಿಸಿಲಿನ ಪರೀಕ್ಷೆ

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ತಮಾಷೆ ಮಾಡುವುದುಂಟು. ಸೂಕ್ಷ್ಮಜೀವಿಗಳಿಗೆ ಇದು ತಮಾಷೆಯಲ್ಲ. ದೋಸೆ ಹಿಟ್ಟು ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ. ಫಿಲ್ಟರಿನ ಜೀವಿಗಳೂ ಸೆಕೆಯಲ್ಲಿ ಚುರುಕಾಗುತ್ತವೆ, ಬೇಗ ತಿನ್ನುತ್ತವೆ. ಇದು ಒಳ್ಳೆಯದೇ. ಆದರೆ ಬೇಗ ತಿನ್ನಲು ಹೆಚ್ಚು ಆಮ್ಲಜನಕ ಬೇಕು, ಬಿಸಿ ನೀರಿನಲ್ಲಿ ಕರಗುವುದೋ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಕರಗುವ ಆಮ್ಲಜನಕ 35 ಡಿಗ್ರಿಯಲ್ಲಿ 6.9ಕ್ಕೆ ಇಳಿಯುತ್ತದೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಕುಸಿಯುತ್ತದೆ.

ಇಂಥ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟು ಹೋಗಿ ಗಾಳಿ ಊದುವ ಯಂತ್ರ ನಿಂತರೆ ಜೀವಿಗಳಿಗೆ ಉಸಿರುಗಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಚಳಿಗಾಲದಲ್ಲಿ ಒಮ್ಮೆ ಪರೀಕ್ಷಿಸಿ ‘ಎಲ್ಲ ಸರಿಯಿದೆ’ ಎಂದು ಬರೆದಿಟ್ಟರೆ ಬೇಸಿಗೆಯ ಸ್ಥಿತಿ ತಿಳಿಯುವುದಿಲ್ಲ. ಆಮ್ಲಜನಕದ ಮೀಟರನ್ನು ದಿನವೂ ನೋಡಬೇಕು, ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿನಲ್ಲೂ ನೋಡಬೇಕು.

ಬಳ್ಳಾರಿ ನಗರ: ನೀಲಿ ಕಾಣುತ್ತದೆ, ಗಂಜಿ ಕಾಣುವುದಿಲ್ಲ

ಬಳ್ಳಾರಿಯ ಜೀನ್ಸ್ ದೇಶದ ಹಲವೆಡೆಗೆ ಹೋಗುತ್ತದೆ. ಹೊಲಿಗೆಯಿಂದ ಹಿಡಿದು ವಾಷಿಂಗ್‌ವರೆಗೆ ಸಾವಿರಾರು ಕುಟುಂಬಗಳ ಅನ್ನ ಅದರಲ್ಲಿದೆ. ಜೀನ್ಸಿಗೆ ಮಾಸಿದ ನೋಟ ಬರುವುದು ವಾಷಿಂಗ್ ಘಟಕದಲ್ಲಿ. ಮೊದಲು ಬಟ್ಟೆಗೆ ಹಾಕಿದ ಗಂಜಿಯನ್ನು ತೆಗೆಯುತ್ತಾರೆ. ಆಮೇಲೆ ಕಿಣ್ವ, ಹಗುರ ಕಲ್ಲು, ಬ್ಲೀಚ್, ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸಿ ಬಣ್ಣ ಇಳಿಸುತ್ತಾರೆ.

ಹೊರಬರುವ ನೀರು ನೀಲಿಯಾಗಿರುವುದರಿಂದ ಎಲ್ಲರ ಕಣ್ಣೂ ಬಣ್ಣದ ಮೇಲೆ ಬೀಳುತ್ತದೆ. ಬಣ್ಣ ಬೇಡವೆಂದಲ್ಲ, ಅದನ್ನೂ ತೆಗೆಯಬೇಕು. ಆದರೆ ನದಿಯ ಆಮ್ಲಜನಕ ಕುಡಿಯುವ ದೊಡ್ಡ ಪಾಲು ಬರುವುದು ಬಣ್ಣವಿಲ್ಲದ ಗಂಜಿಯಿಂದ. ಗಂಜಿಯೂ ಸಕ್ಕರೆಯ ಬಳಗವೇ, ಒಂದು ಚಮಚದ ಲೆಕ್ಕ ಇಲ್ಲೂ ಅನ್ವಯಿಸುತ್ತದೆ. ಸಂತೋಷದ ಸಂಗತಿಯೆಂದರೆ ಸೂಕ್ಷ್ಮಜೀವಿಗಳಿಗೆ ಗಂಜಿ ಇಷ್ಟದ ಊಟ. ಇಂಡಿಗೊ ಬಣ್ಣ ಅಷ್ಟು ಸುಲಭವಾಗಿ ದಕ್ಕುವುದಿಲ್ಲ, ಅದಕ್ಕೆ ಬೇರೆ ಹಂತ ಬೇಕಾಗುತ್ತದೆ.

ನಿಜವಾದ ಅಪಾಯ ಬ್ಲೀಚ್. ಕುಡಿಯುವ ನೀರಿನ ರೋಗಾಣು ಕೊಲ್ಲಲು ನಾವು ಬಳಸುವುದೂ ಕ್ಲೋರಿನ್ ಬಳಗದ ಇದೇ ವಸ್ತುವನ್ನು. ಅದಕ್ಕೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. ಉಳಿದ ಬ್ಲೀಚನ್ನು ಮೆಟಾಬೈಸಲ್ಫೈಟ್ ಅಥವಾ ಹೈಪೊ ಹಾಕಿ ತಟಸ್ಥ ಮಾಡದೆ ಬಿಟ್ಟರೆ ಅದು ಹೋಗಿ ಫಿಲ್ಟರಿನ ಲೋಳೆಯನ್ನು ಸುಡುತ್ತದೆ. 1877ರ ಕೊಳವೆಗೆ ಕ್ಲೋರೋಫಾರ್ಮ್ ಮಾಡಿದ ಕೆಲಸವನ್ನೇ ಇಲ್ಲಿ ಬ್ಲೀಚ್ ಮಾಡುತ್ತದೆ. ಹಳ್ಳ, ನದಿಗೆ ಬಿಡುವ ಕೈಗಾರಿಕಾ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ಇರುವುದು ಸುಮ್ಮನಲ್ಲ. ಈ ನೀರು ಯುಜಿಡಿ ಸೇರಿದರೆ ಹಾಳಾಗುವುದು ಒಂದು ಘಟಕವಲ್ಲ, ಇಡೀ ಊರಿನ ಕೊಳಚೆ ತೊಳೆಯುವ ಜೀವಿಗಳು. ಫಿಲ್ಟರಿಗೆ ನೀರು ಬಿಡುವ ಮುನ್ನ ಕ್ಲೋರಿನ್ ಪರೀಕ್ಷೆ, ಬಿಟ್ಟ ಮೇಲೆ ಉಸಿರಾಟದ ಪರೀಕ್ಷೆ: ವಾಷಿಂಗ್ ಘಟಕಗಳಿರುವ ಊರಿಗೆ ಇವೆರಡೂ ಬೇಕೇಬೇಕು.

ಸಿರುಗುಪ್ಪ: ಒಮ್ಮೆ ಉಪವಾಸ, ಒಮ್ಮೆ ಹಬ್ಬದೂಟ

ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳು ಬಹಳ. ಭತ್ತವನ್ನು ನೆನೆಸಿ ಬೇಯಿಸಿ ಅಕ್ಕಿ ಮಾಡುವ ಗಿರಣಿಗಳಿಂದ ನೆನೆಹಾಕಿದ ನೀರು ಹೊರಬರುತ್ತದೆ. ಅದರಲ್ಲಿ ಕರಗಿದ ಪಿಷ್ಟ, ಸಕ್ಕರೆ ಇರುತ್ತದೆ. ನಿಂತರೆ ಹುಳಿಯಾಗಿ ವಾಸನೆ ಬರುತ್ತದೆ. ಇದರಲ್ಲಿ ವಿಷವೇನಿಲ್ಲ, ‘ಅಕ್ಕಿ ತೊಳೆದ ನೀರು ತಾನೇ’ ಎಂದು ಅನ್ನಿಸುವುದು ಸಹಜ. ಆದರೆ ಇದರ ಬಿಓಡಿ ಮನೆಯ ಕೊಳಚೆ ನೀರಿಗಿಂತ ಹಲವು ಪಟ್ಟು ಹೆಚ್ಚಿರಬಹುದು.

ಇಲ್ಲಿನ ತೊಡಕು ಹಂಗಾಮಿನದು. ಗಿರಣಿ ನಿಂತಿದ್ದಾಗ ಜೀವಿಗಳಿಗೆ ಊಟವಿಲ್ಲ, ಲೋಳೆ ಸೊರಗುತ್ತದೆ. ಸುಗ್ಗಿ ಮುಗಿದು ಗಿರಣಿ ಹಗಲು ರಾತ್ರಿ ಓಡತೊಡಗಿದರೆ ಒಮ್ಮೆಲೇ ಹಬ್ಬದೂಟ. ಹಸಿದ ಕೆಲವೇ ಜೀವಿಗಳು ಅಷ್ಟನ್ನೂ ತಿನ್ನಲಾರವು. ತಿನ್ನಲು ಹೋಗಿ ಆಮ್ಲಜನಕ ಮುಗಿಸಿಕೊಳ್ಳುತ್ತವೆ, ನೀರು ಹುಳಿಯಾಗಿ ಇನ್ನಷ್ಟು ಕೆಡುತ್ತದೆ. ಇದಕ್ಕೆ ಪರಿಹಾರ ಪುಡಿಯಲ್ಲ, ಹದ. ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿ ದಿನವಿಡೀ ಸಮನಾಗಿ ಬಿಡಬೇಕು. ಮೊದಲ ವಾರ ಸ್ವಲ್ಪದಿಂದ ಶುರುಮಾಡಿ ಉಸಿರಾಟ ನೋಡುತ್ತ ಏರಿಸಬೇಕು. ಹುಳಿಯಾಗಿದ್ದರೆ ಸುಣ್ಣ ಹಾಕಿ ಸರಿದೂಗಿಸಬೇಕು.

ಇದು ಸಿರುಗುಪ್ಪದವರ ಚಿಂತೆ ಮಾತ್ರವಲ್ಲ. ಬಳ್ಳಾರಿ ಸೀಮೆಯ ಹಗರಿ ಹೊಳೆ ಹರಿದು ಹೋಗಿ ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದೇ ನದಿ ಮಂತ್ರಾಲಯ, ಕರ್ನೂಲಿನ ದಾರಿ ಹಿಡಿಯುತ್ತದೆ. ಮೇಲಿನ ಊರಿನ ಚರಂಡಿ ಕೆಳಗಿನ ಊರಿನ ಕುಡಿಯುವ ನೀರು.

ಕುರುಗೋಡು: ಮನೆಯಂಗಳದ ಟ್ಯಾಂಕೂ ಜೀವಂತವೇ

ಇತ್ತೀಚಿನ ವರ್ಷಗಳಲ್ಲಿ ತಾಲೂಕು ಕೇಂದ್ರವಾದ ಕುರುಗೋಡಿನಂಥ ಸಣ್ಣ ಊರುಗಳಲ್ಲಿ ಎಷ್ಟೋ ಮನೆಗಳ ಭಾರ ಹೊರುವುದು ಸೆಪ್ಟಿಕ್ ಟ್ಯಾಂಕ್. ಅದೂ ಒಂದು ಜೈವಿಕ ಘಟಕವೇ, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳದು. ಮೊಸರು, ಬೆಲ್ಲ, ಪುಡಿಯ ಫಾರ್ವರ್ಡ್‌ಗಳು ಹೆಚ್ಚು ಗುರಿಯಿಡುವುದು ಇಲ್ಲಿಗೇ.

ಒಂದು ಸಂಗತಿ ನೆನಪಿಡಿ. ಮನುಷ್ಯನ ಮಲದ ಒಂದು ಗ್ರಾಂನಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ದಿನವೂ ಇಷ್ಟು ಪುಕ್ಕಟೆಯಾಗಿ ಬೀಳುವಾಗ ಕೊಂಡು ತಂದು ಹಾಕುವ ಅಗತ್ಯವಿಲ್ಲ. ಮೊಸರಿನ ಬ್ಯಾಕ್ಟೀರಿಯಾ ಹಾಲನ್ನು ಹುಳಿ ಮಾಡುವುದರಲ್ಲಿ ಜಾಣ, ಮಲ ಕರಗಿಸುವುದರಲ್ಲಿ ಅಲ್ಲ. ಬೆಲ್ಲ ಹಾಕಿದರೆ ಟ್ಯಾಂಕಿನ ಹೊರೆ ಇನ್ನಷ್ಟು ಹೆಚ್ಚುತ್ತದೆ.

ಸಿಪ್ಪೆಯ ಎಂಜೈಮ್ ಕಥೆಯೂ ಇದೇ. 1 ಭಾಗ ಬೆಲ್ಲ, 3 ಭಾಗ ಸಿಪ್ಪೆ, 10 ಭಾಗ ನೀರು ಸೇರಿಸಿ ಮೂರು ತಿಂಗಳು ಇಟ್ಟಾಗ ಸಿಗುವುದು ಹುಳಿಯಾದ, ವಿನೆಗರ್‌ನಂಥ ದ್ರವ. ನೆಲ ಒರೆಸಲು ಬಳಸಿಕೊಳ್ಳಿ, ತೊಂದರೆಯಿಲ್ಲ. ಕೆರೆಗೆ ಸುರಿದರೆ ಅದೇ ಒಂದು ಕೊಳೆ, ಅದನ್ನು ತಿನ್ನಲೂ ಕೆರೆಯ ಆಮ್ಲಜನಕವೇ ಬೇಕು.

ಹಾಗಾದರೆ ಟ್ಯಾಂಕ್ ಕೆಡಿಸುವುದು ಏನು? ಬಾಟಲಿಗಟ್ಟಲೆ ಆ್ಯಸಿಡ್, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಒಮ್ಮೆಲೇ ಸುರಿಯುವುದು. ಶೌಚಾಲಯ ತೊಳೆಯಲು ಬಳಸುವ ಸ್ವಲ್ಪ ಪ್ರಮಾಣದಿಂದ ಹೆಚ್ಚಿನ ಹಾನಿಯಿಲ್ಲ.

‘ಮತ್ತೆಂದೂ ಖಾಲಿ ಮಾಡಿಸಬೇಕಿಲ್ಲ’ ಎಂಬುದು ಈ ಎಲ್ಲದರಲ್ಲಿ ಅತ್ಯಂತ ಅಪಾಯದ ಸುಳ್ಳು. ಬ್ಯಾಕ್ಟೀರಿಯಾಗಳು ಎಷ್ಟೇ ತಿಂದರೂ ಕರಗದ ಹೂಳು ಉಳಿದೇ ಉಳಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸದಿದ್ದರೆ ಟ್ಯಾಂಕ್ ತುಂಬಿ ಕೊಳಚೆ ಹಾಗೆಯೇ ಚರಂಡಿಗೆ ಹರಿಯುತ್ತದೆ, ಅಥವಾ ಕೊನೆಗೆ ಗಟ್ಟಿಯಾದ ಹೂಳು ತೆಗೆಯಲು ಮನುಷ್ಯರನ್ನು ಇಳಿಸುವ ಪರಿಸ್ಥಿತಿ ಬರುತ್ತದೆ. ಆ ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸಿ ಕೊಲ್ಲುತ್ತದೆ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಇಳಿಸುವಂತಿಲ್ಲ ಎಂದು 2013ರ ಕಾಯ್ದೆ ಹೇಳುತ್ತದೆ. ಸ್ಥಳೀಯ ಸಂಸ್ಥೆಯ ಸಕ್ಕಿಂಗ್ ಯಂತ್ರವನ್ನೇ ಕರೆಸಿ.

ಹಾಗೆ ತೆಗೆದ ಹೂಳು ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳಲೂ ದಾರಿಯಿದೆ. ಬೆಂಗಳೂರಿನ ಸಮೀಪದ ದೇವನಹಳ್ಳಿಯಲ್ಲಿ 2015ರಿಂದ ಸೆಪ್ಟಿಕ್ ಟ್ಯಾಂಕಿನ ಹೂಳನ್ನೇ ಶುದ್ಧೀಕರಿಸುವ ಘಟಕವಿದೆ. ದೇಶದ ಸಣ್ಣ ಪಟ್ಟಣಗಳಲ್ಲಿ ಇಂಥದ್ದು ಮೊದಲು ಶುರುವಾದ ಊರುಗಳಲ್ಲಿ ಅದೂ ಒಂದು. ಅಲ್ಲೂ ದುಡಿಯುವುದು ಸೂಕ್ಷ್ಮಜೀವಿಗಳೇ.

ನಾವು ಕೇಳಬೇಕಾದ ಪ್ರಶ್ನೆಗಳು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ದೇಶದ ನಗರ, ಪಟ್ಟಣಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಸ್ಥಾಪಿಸಿದ ಘಟಕಗಳ ಸಾಮರ್ಥ್ಯ 31,841. ನಿಜಕ್ಕೂ ಬಳಕೆಯಾಗುತ್ತಿದ್ದದ್ದು 20,235 ಮಾತ್ರ. ಕಟ್ಟಿದ್ದಕ್ಕೂ ನಡೆಯುತ್ತಿರುವುದಕ್ಕೂ ಇರುವ ಈ ಅಂತರದ ಮೇಲೆಯೇ ನಾವು ಕಣ್ಣಿಡಬೇಕು.

ನಿಮ್ಮೂರಿನ ಘಟಕದ ಬಗ್ಗೆ ನಗರಸಭೆ, ಪಾಲಿಕೆ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ‘ಘಟಕ ಸರಿಯಾಗಿದೆಯೇ’ ಎಂದು ಕೇಳಿದರೆ ‘ಸರಿಯಾಗಿದೆ’ ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ:

- ಕಳೆದ ಆರು ತಿಂಗಳಲ್ಲಿ ಒಳಬಂದ ಮತ್ತು ಹೊರಹೋದ ನೀರಿನ ಬಿಓಡಿ ಎಷ್ಟು? ಎರಡೂ ಅಂಕಿ ಕೊಡಿ.
- ಕರಗಿದ ಆಮ್ಲಜನಕವನ್ನು ದಿನಕ್ಕೆ ಎಷ್ಟು ಬಾರಿ ಅಳೆಯುತ್ತೀರಿ? ಮೇ ತಿಂಗಳ ದಾಖಲೆ ಕೊಡಿ.
- ಹೊರಹೋಗುವ ನೀರಿನಲ್ಲಿ ಅಮೋನಿಯಾ ಎಷ್ಟು?
- ಕರೆಂಟು ಇಲ್ಲದೆ ಗಾಳಿಯಂತ್ರ ಎಷ್ಟು ಗಂಟೆ ನಿಂತಿತ್ತು?
- ತೆಗೆದ ಹೂಳು ಎಷ್ಟು, ಅದು ಹೋದದ್ದು ಎಲ್ಲಿಗೆ?

ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಮುಖ್ಯವಾದದ್ದು. ಕೊಳೆ ತಿಂದ ಜೀವಿಗಳು ಬೆಳೆಯುತ್ತವೆ, ಹೂಳಾಗಿ ಹೊರಬರುತ್ತವೆ. ವರ್ಷವಿಡೀ ಹೂಳೇ ಬಂದಿಲ್ಲ ಎಂದರೆ ಯಾರೂ ಊಟ ಮಾಡಿಲ್ಲ, ಅಥವಾ ಹೂಳು ನೀರಿನ ಜೊತೆಗೇ ಹೋಗಿದೆ.

ಫಾರ್ವರ್ಡ್ ಮಾಡುವ ಮುನ್ನ

ಹೇಳಿಕೆ: ನೀರು ತಿಳಿಯಾದರೆ ಶುದ್ಧವಾದಂತೆ. ತಪ್ಪು. ಕರಗಿದ ಕೊಳೆ ಕಣ್ಣಿಗೆ ಕಾಣುವುದಿಲ್ಲ.

ಹೇಳಿಕೆ: ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಯಾವ ಘಟಕವೂ ಸರಿಯಾಗುತ್ತದೆ. ದಾರಿತಪ್ಪಿಸುವ ಮಾತು. ವಿಷದಿಂದ ಸತ್ತ ಘಟಕವನ್ನು ಮತ್ತೆ ಶುರುಮಾಡುವಾಗ ಬೇರೆ ಘಟಕದ ಜೀವಂತ ಕೆಸರನ್ನು ಹೆಪ್ಪು ಹಾಕಿದಂತೆ ಸೇರಿಸುವುದುಂಟು. ಆದರೆ ಆಮ್ಲಜನಕ ಕೊಡದೆ, ವಿಷ ನಿಲ್ಲಿಸದೆ ಹಾಕಿದ ಹೊಸ ಜೀವಿಗಳೂ ಹಳೆಯವುಗಳ ದಾರಿಯನ್ನೇ ಹಿಡಿಯುತ್ತವೆ.

ಹೇಳಿಕೆ: ಮೊಸರು, ಬೆಲ್ಲ ಹಾಕಿದರೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಬೇಕಿಲ್ಲ. ಸುಳ್ಳು, ಅಪಾಯಕಾರಿ.

ಹೇಳಿಕೆ: ಸೂಕ್ಷ್ಮಜೀವಿಗಳು ಕೊಳಚೆಯನ್ನು ಶುದ್ಧ ಮಾಡುತ್ತವೆ. ನಿಜ. ಅವು ಬದುಕಿದ್ದರೆ, ಉಸಿರಾಡುತ್ತಿದ್ದರೆ, ಮತ್ತು ಅದನ್ನು ಯಾರಾದರೂ ದಿನವೂ ಅಳೆದು ನೋಡುತ್ತಿದ್ದರೆ.

ಮುಂದಿನ ಬಾರಿ ಎರಡು ಲೋಟಗಳ ವಿಡಿಯೊ ಬಂದಾಗ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ‘ಇದರ ಬಿಓಡಿ ಎಷ್ಟು?’ ಉತ್ತರ ಬಂದರೆ ನಮಗೂ ತಿಳಿಸಿ.